ಒಂಬತ್ತು ಸಂಬಳದ ಫಾರ್ವರ್ಡ್

ಪರದೇಶದಲ್ಲಿ ನಮ್ಮವರು ಹತ್ತು ಜನ ಸೇರಿ ಒಂದು ಹಾಕಿ ಟೀಮ್ ಕಟ್ಟಿದರೆ, ಅದರ ಮ್ಯಾನೇಜರ್‌ಗೆ ಪ್ರತಿ ಭಾನುವಾರ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಆ ಮ್ಯಾನೇಜರ್ ನಾನೇ ಆಗಿದ್ದೆ.

ಡಾಕ್ಟರ ಸಂಬಳ

ಮೆಲ್ಬರ್ನಿನಲ್ಲಿ ನಮ್ಮವರದು ಎರಡು ಟೀಮ್. ನಮ್ಮ ಗ್ಲೆನ್ ವೇವರ್ಲಿ ಒಂದು, ಊರಿನ ಆಚೆ ತುದಿಯ ವಿಂಡಮ್ ವೇಲ್ ಇನ್ನೊಂದು. ಫೈನಲ್ ಗೆದ್ದವರು ಸಿಡ್ನಿಗೆ ಹೋಗಿ ಬ್ಲ್ಯಾಕ್‌ಟೌನಿನವರ ಜೊತೆ ಆಡಬೇಕು. ಮೂರು ವರ್ಷದಿಂದ ವಿಂಡಮ್ ವೇಲಿನವರೇ ಹೋಗಿ ಬರುತ್ತಿದ್ದರು. ಸಾಯುವುದರೊಳಗೆ ಒಂದು ಸಲ ನಾವೂ ಸಿಡ್ನಿಗೆ ಹೋಗಬೇಕು ಅಂತ ನನಗೆ ಹಟ.

ಒಳ್ಳೆಯವರೆಲ್ಲ ಒಂದೇ ಕಡೆ ಸೇರಬಾರದು ಅಂತ ಕಮಿಟಿ ಪ್ರತಿಯೊಬ್ಬನಿಗೂ ಒಂದರಿಂದ ಹತ್ತರವರೆಗೆ 'ಸಂಬಳ' ಹಾಕಿತ್ತು. ಬರೀ ಕಾಗದದ ಸಂಬಳ, ಒಂದು ಡಾಲರೂ ಸಿಗುವುದಿಲ್ಲ. ಟೀಮಿನ ಒಟ್ಟು ಸಂಬಳ ಅರವತ್ತು ದಾಟಬಾರದು. ನಾನು ಟೀಮಿನವರಿಗೆ ಲಿಸ್ಟ್ ಓದಿ ಹೇಳಿದೆ. ಫುಲ್‌ಬ್ಯಾಕ್ ಆಡುವ ನನಗೂ, ಟೀಮಿನಲ್ಲಿದ್ದ ಹೃದಯದ ಡಾಕ್ಟರಿಗೂ ಬಂದಿದ್ದು ಎರಡೆರಡು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮಾರಾಯ್ರೆ, ಜಾಸ್ತಿ ಮಾಡಿ ಅಂತ ಕೇಳಲ್ಲ. ನಮ್ಮ ಮಾವ ಊರಿಂದ ಬಂದಿದ್ದಾರೆ, ಅವರೆದುರು ಮಾತ್ರ ಓದಬೇಡಿ," ಅಂದರು.

ವ್ಯಾಪಾರ

ವಿಂಡಮ್ ವೇಲಿನಲ್ಲಿ ಒಬ್ಬ ಫಾರ್ವರ್ಡ್ ಇದ್ದ. ಮಂಗಳೂರಿನ ಹುಡುಗ, ಕೆಲಸದಲ್ಲಿ ನರ್ಸ್, ಆಳು ಬೀರುವಿನ ಹಾಗೆ. ಅವನು ಬಂದನೆಂದರೆ ನಮ್ಮ ಡಿಫೆನ್ಸ್ ತಾನಾಗಿಯೇ ಮಲಗುತ್ತಿತ್ತು. ಕಮಿಟಿ ಅವನ ಮೈಕಟ್ಟು ನೋಡಿಯೇ ಒಂಬತ್ತು ಹಾಕಿತ್ತು. ಇವನು ನಮಗೆ ಬಂದರೆ ಸಿಡ್ನಿ ಗ್ಯಾರಂಟಿ ಅಂದುಕೊಂಡೆ.

ದಾರಿ ಹುಡುಕಲು ಸ್ಟ್ರೀಟ್ ಡೈರೆಕ್ಟರಿ ತೊಡೆ ಮೇಲಿಟ್ಟುಕೊಂಡು ಅವರ ಮ್ಯಾನೇಜರ್ ಮನೆಗೆ ಹೋದೆ. ನಮ್ಮ ಒಟ್ಟು ಸಂಬಳ ಐವತ್ತೆಂಟು. ಒಂಬತ್ತು ಒಳಗೆ ಬರಬೇಕಾದರೆ ಏಳು ಹೊರಗೆ ಹೋಗಬೇಕು. ಐದರ ವಿಂಗರ್ ಒಬ್ಬನನ್ನು ಕೊಟ್ಟೆ. ಇನ್ನೆರಡಕ್ಕೆ ಡಾಕ್ಟರನ್ನು ಕೊಡುತ್ತೇನೆ ಅಂದೆ.

"ಡಾಕ್ಟರು ಬೇಡ. ನಿಮ್ಮ ಸಂಬಳವೂ ಎರಡೇ ಅಲ್ವಾ? ನೀವೇ ಬನ್ನಿ."

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಟೀಮ್ ಬಿಡಲು ಮನಸ್ಸಿಲ್ಲದಿದ್ದರೂ, ನಾನಿಲ್ಲದಿದ್ದರೂ ನಮ್ಮವರು ಸಿಡ್ನಿ ನೋಡಲಿ ಅಂತ ಕೈ ಕುಲುಕಿದೆ. ಗೇಟಿನ ತನಕ ಬಂದ ಮ್ಯಾನೇಜರ್ ಕೇಳಿದರು, "ಆಂಟಿ ಪ್ರತಿ ಮ್ಯಾಚಿಗೂ ಕರಿದು ತರೋ ಗೋಳಿಬಜೆ ಈ ವಾರದಿಂದಲೇ ನಮ್ಮ ಕಡೆ ಬರುತ್ತೆ ತಾನೇ?"

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ ಗೋಳಿಬಜೆಗೆ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿ, "ಅಂದ್ರೆ ನನ್ನನ್ನ ಕೇಳದೆ ನನ್ನನ್ನೂ ಮಾರಿ ಬಂದಿರಾ?" ಅಂದಳು.

ಫೈನಲ್

ಫೈನಲ್‌ನಲ್ಲಿ ನಾನು ವಿಂಡಮ್ ವೇಲಿನ ಫುಲ್‌ಬ್ಯಾಕ್. ಎದುರಿಗೆ ನಾನೇ ಆರಿಸಿ ತಂದ ಬೀರು. ಒಂದು-ಒಂದು ಸಮ, ಎರಡೇ ನಿಮಿಷ ಬಾಕಿ. ಅವನು ಚೆಂಡು ಹಿಡಿದು ನುಗ್ಗಿದ. ಅವನಿಗೂ ನಮ್ಮ ಗೋಲ್‌ಕೀಪರಿಗೂ ನಡುವೆ ಇದ್ದವನು ನಾನೊಬ್ಬನೇ. ಅವನು ಇನ್ನೂ ತಾಗಿರಲಿಲ್ಲ, ನಾನು ಹೆದರಿ ಕಣ್ಣುಮುಚ್ಚಿ ಬಿದ್ದೆ.

ಕಣ್ಣು ಬಿಟ್ಟರೆ ಅವನ ಸ್ಟಿಕ್ ಹುಲ್ಲಿನ ಮೇಲೆ, ನನ್ನ ಕೈನಾಡಿ ಅವನ ಕೈಯಲ್ಲಿ.

"ಅಂಕಲ್, ಏಳ್ಬೇಡಿ. ಇದೆಷ್ಟು ಬೆರಳು ಹೇಳಿ?"

"ಗೋಲ್ ಹೊಡಿಯೋ, ಪುಣ್ಯಾತ್ಮ!" ಅಂದೆ. ನಾನು ಎದುರಾಳಿ ಅನ್ನೋದೇ ಮರೆತುಹೋಗಿತ್ತು.

"ಮೊದಲು ಬೆರಳು ಹೇಳಿ ಅಂಕಲ್."

ನಾನು ಮೂರು ಅನ್ನುವಷ್ಟರಲ್ಲಿ ನಾನು ವಿಂಡಮ್ ವೇಲಿಗೆ ಕೊಟ್ಟಿದ್ದ ವಿಂಗರ್ ಆ ಚೆಂಡನ್ನು ಒಯ್ದು ಗ್ಲೆನ್ ವೇವರ್ಲಿಯ ಕಡೆ ಗೋಲು ಹೊಡೆದಿದ್ದ. ನನ್ನ ಹೊಸ ಮ್ಯಾನೇಜರ್ ಬಂದು ನಗುತ್ತಾ ಹೇಳಿದರು, "ಯಾರು ಬಿದ್ದರೂ ಇವನದ್ದು ಇದೇ ಕಥೆ. ನಮ್ಮಲ್ಲಿ ಎರಡು ವರ್ಷ ಒಂದು ಗೋಲೂ ಹೊಡೆದಿಲ್ಲ. ನಿಮಗೆ ಗೊತ್ತಿರಲಿಲ್ವಾ?"

ಹೇಗೆ ಗೊತ್ತಾಗಬೇಕು? ನಾವೆಲ್ಲ ಆಗ ನೆಲದ ಮೇಲಿರುತ್ತಿದ್ದೆವು.

ಸಿಡ್ನಿ

ಅಂತೂ ಸಿಡ್ನಿ ನೋಡಿದೆ, ನನ್ನ ಟೀಮಿನಲ್ಲಿ ಅಲ್ಲ ಅಷ್ಟೇ. ಅಲ್ಲಿ ನಾಲ್ಕು ಗೋಲಿನಿಂದ ಸೋತೆವು. ಆಟ ಮುಗಿದ ಮೇಲೆ ಬ್ಲ್ಯಾಕ್‌ಟೌನಿನ ಮ್ಯಾನೇಜರ್ ಆರನೇ ಗೋಳಿಬಜೆ ಚಟ್ನಿಗೆ ಅದ್ದುತ್ತಾ, ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದರು, "ಸರ್, ತುಂಬಾ ಚೆನ್ನಾಗಿ ಆಡಿದ್ರಿ. ನಿಮ್ಮ ಸಂಬಳ ಎಷ್ಟು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಡಬ್ಬದ ಮುಚ್ಚಳ ಹಾಕಿದಳು.

"ಈ ಸಲ ಮಾತು ನನ್ನ ಹತ್ರ ಆಡಿ. ನನ್ನ ಸಂಬಳ ಒಂಬತ್ತು. ಇವರು ಜೊತೆಗೆ ಫ್ರೀ."