ಬೀದರಿನಲ್ಲಿ ರಾಕ್ ಬೆಳೆದ ಬಗೆ

ಲೋಕದಲ್ಲಿ ರಾಕ್ ಸಂಗೀತ ಹೇಗೆ ಬೆಳೆಯಿತು, ಯಾವ ಟೊಂಗೆಯಿಂದ ಯಾವ ಟೊಂಗೆ ಒಡೆಯಿತು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬೀದರ್ ಜಿಲ್ಲೆಯಲ್ಲಿ ಹೇಗೆ ಬೆಳೆಯಿತು ಎಂಬುದು ಮಾತ್ರ ನಮ್ಮ ಮೂವರಿಗೇ ಗೊತ್ತು. ಅದು ಬೆಳೆದಾಗಲೆಲ್ಲ ಮಣ್ಣು ಮುಕ್ಕಿದವರು ನಾವೇ. ಗಿಟಾರು ಮತ್ತು ಹಾಡು ನನ್ನದು, ಬಾಸ್ ಗಿಟಾರು ಭಾಲ್ಕಿಯ ಗೆಳೆಯನದು, ಡ್ರಮ್ಮು ಹಳೇ ಊರಿನ ಬಿದ್ರಿ ಕುಶಲಕರ್ಮಿಯೊಬ್ಬರ ಮಗನದು. ನಮ್ಮದೇ ಅಂತ ಒಂದು ಕನ್ನಡ ಹಾಡಿತ್ತು. ಅದನ್ನು ನಮ್ಮ ಜನರೆದುರು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಬಾರಿಸಬೇಕು, ಅಷ್ಟೇ ಆಸೆ. ಹಿಮಾಲಯ ಹತ್ತುತ್ತೇವೆ ಅಂದಿದ್ದರೆ ಇಷ್ಟು ಹೊತ್ತಿಗೆ ಇಳಿದೂ ಬರುತ್ತಿದ್ದೆವು.

೧. ಹೆವಿ ಮೆಟಲ್

ಕಾರ್ಖಾನೆಯ ಸದ್ದು ಕೇಳುತ್ತ ಬೆಳೆದ ಹುಡುಗರು ಹೆವಿ ಮೆಟಲ್ ಹುಟ್ಟಿಸಿದರು ಅನ್ನುತ್ತಾರೆ. ನಮ್ಮದೂ ಹಾಗೇ. ಡ್ರಮ್ಮಿನವನ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಮುಂದಿನ ಕೋಣೆಯಲ್ಲಿ ಅವನ ತಂದೆ ಹೂದಾನಿಯ ಮೇಲೆ ಬೆಳ್ಳಿ ತಂತಿ ಕೂರಿಸುತ್ತ ದಿನವಿಡೀ ಟಕಟಕ ಕುಟ್ಟುತ್ತಿದ್ದರು. ನಾವು ಶುರು ಮಾಡಿದರೆ ಅವರು ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದರು, ಪಾಪ, ಬೈಯುತ್ತಿರಲಿಲ್ಲ.

ಎದುರು ಮನೆಯ ಅಜ್ಜಿಗೆ ಆ ತಾಳ್ಮೆ ಇರಲಿಲ್ಲ. ಹಾಡು ಅರ್ಧಕ್ಕೆ ಬರುವ ಮೊದಲೇ ಬಾಗಿಲಿಗೆ ಬಂದು ನಿಂತಳು.

"ಬಂದ್ ಮಾಡ್ರೋ! ಮಂದಿ ಬಾಳ್ವಿ ಮಾಡಬೇಕೋ ಬ್ಯಾಡೋ?"

ನಾನು ನ್ಯಾಯ ಕೇಳಿದೆ. "ಅಲ್ಲಬೇ ಅಮ್ಮಾ, ಚಾಚಾ ದಿನಾ ಕುಟ್ತಾರ. ಅವರಿಗಿ ಏನೂ ಅನ್ನಂಗಿಲ್ಲ, ನಮಗಷ್ಟೇ ಯಾಕ?"

ಅಜ್ಜಿ ಅಂದಳು, "ಅವರು ಕುಟ್ಟಿದ್ರ ಕಡೀಕ ಒಂದು ಹೂದಾನಿ ಆಗ್ತದ. ನೀವು ಕುಟ್ಟಿದ್ರ ಏನಾಗ್ತದ ಹೇಳು?"

೨. ಪ್ರೋಗ್ರೆಸಿವ್ ರಾಕ್

ಮುಂದೆ ನಾವು ಜಾಣರಾದೆವು. ಪ್ರೋಗ್ರೆಸಿವ್ ರಾಕ್ ಅಂದರೆ ಉದ್ದುದ್ದ ಹಾಡು, ಸುತ್ತು ಬಳಸಿದ ತಾಳ, ಕೇಳುವವನಿಗೆ ತಲೆ ಇರಬೇಕು. ನಮ್ಮ ಹಾಡನ್ನು ಏಳು ಪೆಟ್ಟಿನ ತಾಳಕ್ಕೆ ಕೂರಿಸಿದೆವು. ಆಗಲೇ ಔರಾದದಿಂದ ಕರೆ ಬಂತು. ಮದುವೆ ಮೆರವಣಿಗೆಯ ಡಿಜೆ ಗಾಡಿ ಕೆಟ್ಟು ನಿಂತಿದೆ, ಯಾರು ಸಿಕ್ಕರೂ ನಡೆಯುತ್ತದೆ, ಬನ್ನಿ ಅಂತ. ಆ "ಯಾರು ಸಿಕ್ಕರೂ" ಅನ್ನುವ ಮಾತಿಗೂ ನಾವು ಹಿಗ್ಗಿದ್ದೆವು.

ಟೆಂಪೋ ಮೇಲೆ ನಾವು, ಹಿಂದೆ ಕುದುರೆ ಮೇಲೆ ಮದುಮಗ, ನಡುವೆ ಕುಣಿಯುವವರು. ಕಾಲಿಗೆ ಗೊತ್ತಿರುವುದು ಎಂಟರ ಲೆಕ್ಕ. ನಾವು ಏಳಕ್ಕೇ ಮುಗಿಸಿ ಮತ್ತೆ ಒಂದಕ್ಕೆ ಬರುತ್ತಿದ್ದೆವು. ಎಲ್ಲರ ಒಂದು ಕಾಲು ಗಾಳಿಯಲ್ಲಿರುವಾಗಲೇ ಮುಂದಿನ ಸುತ್ತು ಶುರು. ಸ್ವಲ್ಪ ಹೊತ್ತಿಗೆ ಮದುಮಗನ ಸೋದರಮಾವ ಹೋಗಿ ವಿಡಿಯೋದವನ ಮೇಲೆ ಬಿದ್ದ. ಎದ್ದವನು ನೇರ ಟೆಂಪೋ ಹತ್ತಿದ.

"ಏ ತಮ್ಮಾ, ನಡುವ ಒಂದು ಪೆಟ್ಟು ಎಲ್ಲಿ ಹೋಗ್ಲಕತ್ತದ?"

"ಇಲ್ರಿ ಮಾಮಾ, ಇದು ಏಳು ಪೆಟ್ಟಿನ ತಾಳ ಅದ," ಅಂದ ಡ್ರಮ್ಮಿನವನು.

"ಮದುವಿ ಅದ, ಹಿಂಗ ಕಂಜೂಸಿ ಮಾಡಬ್ಯಾಡ್ರಿ. ಎಂಟನೇದೂ ಹಾಕ್ರಿ!"

೩. ಪಂಕ್

ಉದ್ದುದ್ದ ಹಾಡಿನ ಮೇಲೆ ಸಿಟ್ಟಾಗಿ ಹುಟ್ಟಿದ್ದು ಪಂಕ್. ಚಿಕ್ಕ ಹಾಡು, ದೊಡ್ಡ ಸಿಟ್ಟು. ಔರಾದದಿಂದ ಬಂದ ಮೇಲೆ ಸಿಟ್ಟಿಗೇನೂ ಬರ ಇರಲಿಲ್ಲ. ಹಾಡನ್ನು ಕತ್ತರಿಸಿ, ಕೈ ಮುಗಿದು ಮತ ಕೇಳಿ, ಗೆದ್ದ ಮೇಲೆ ಮಾರಿ ತೋರಿಸದ ಮುಖಂಡರನ್ನು ಬೈದು ಹೊಸ ಚರಣ ಬರೆದೆ. ಭಾಲ್ಕಿಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಹಾಡಿದೆವು.

ಮೊದಲ ಚರಣ ಮುಗಿಯುತ್ತಿದ್ದಂತೆ ಮುಂದಿನ ಸಾಲಿನಲ್ಲಿದ್ದ ಮುಖಂಡರೊಬ್ಬರು ಎದ್ದು ವೇದಿಕೆಗೆ ಬಂದರು. ಇವತ್ತು ಏಟು ಬೀಳುತ್ತದೆ, ಕಲಾವಿದನ ಜನ್ಮ ಸಾರ್ಥಕ ಅಂದುಕೊಂಡೆ. ಅವರು ನನ್ನ ಕೈಯಿಂದ ಮೈಕ್ ತಗೊಂಡರು.

"ಭಾಳ ಚಂದ ಬರ್ದೀರಿ. ನಮ್ಮ ಎದುರು ಪಾರ್ಟಿಯವ ಥೇಟ್ ಹಿಂಗೇ ಇದ್ದಾನ!"

ಮುಂದೆ ಬಂದ ಚುನಾವಣೆಯಲ್ಲಿ ಹಲಬರ್ಗಾದ ತನಕ ಅವರ ಪ್ರಚಾರದ ಆಟೋದಲ್ಲಿ ಆ ಒಂದೇ ಚರಣ ಬೇರೆ ಯಾರದೋ ದನಿಯಲ್ಲಿ ಕೂಗಿಕೊಂಡು ತಿರುಗಿತು, ಕೊನೆಗೆ ಅವರಿಗೇ ಮತ ಕೊಡಿ ಅಂತ ಸೇರಿಸಿ. ನನಗೆ ನಿಜವಾಗಿ ಅಳು ಬಂದಿತ್ತು. ನಮ್ಮ ಅವ್ವ ಮಾತ್ರ ಓಣಿಗೆಲ್ಲ ಸಕ್ಕರೆ ಹಂಚಿದಳು. "ಆಟೋದಾಗ ಬಂದಿ ಅಂದ್ರ ಈಗರೆ ಮನಷ್ಯಾ ಆದಿ ಬಿಡು!"

೪. ಪೋಸ್ಟ್ ರಾಕ್

ಪೋಸ್ಟ್ ರಾಕ್ ಎಂಬ ಟೊಂಗೆಯಲ್ಲಿ ಹಾಡುವವರೇ ಬಹಳ ಕಡಿಮೆ, ಬರೀ ವಾದ್ಯ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆವು.

ಡ್ರಮ್ಮಿನವನಿಗೆ ಆಗ ಹೊಸದಾಗಿ ಮದುವೆಯಾಗಿತ್ತು. ಡಿಜೆ ಗಾಡಿಯವನು ಅವನನ್ನು ಕೆಲಸಕ್ಕೆ ಕರೆಯುತ್ತಿದ್ದ. "ನೋಡ್ ಭೈ," ಅಂದ ಡ್ರಮ್ಮಿನವನು ನನಗೆ, "ಒಮ್ಮೆರೆ ಹಾಡು ಪೂರಾ ಬಾರಿಸೋಣ. ನಮ್ಮ ಅಬ್ಬಾ ಅರಳಿ ತೆಗೆದು ಕುಂತು ಕೇಳ್ಲಿ. ಈ ಸರ್ತಿನೂ ಆಗ್ಲಿಲ್ಲಂದ್ರ ನಾ ಡಿಜೆ ಗಾಡಿ ಹತ್ತಾಂವ."

ಬೀದರಿನ ಒಂದು ಸಂಘದವರು ಬೆಳಗಿನ ಕಾರ್ಯಕ್ರಮಕ್ಕೆ ಕರೆದರು. ಸತ್ಕಾರ ಮುಗಿದ ಕೂಡಲೇ ನಮ್ಮ ಹಾಡು. ಡ್ರಮ್ಮಿನವನ ತಂದೆ ಶೇರ್ವಾನಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು, ಕಿವಿಯಲ್ಲಿ ಅರಳೆ ಇರಲಿಲ್ಲ. ಅದನ್ನು ನೋಡಿಯೇ ಅವನ ಕಣ್ಣು ತುಂಬಿತು.

ನಮ್ಮ ಕಡೆ ಸತ್ಕಾರ ಶುರುವಾದರೆ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಸತ್ಕಾರದಲ್ಲಿ ಹೆಸರು ಬಿಟ್ಟುಹೋದವನು ಸಾಯುವ ತನಕ ಮಾತು ಬಿಡುತ್ತಾನೆ. ಅತಿಥಿಗಳಿಗಾಯಿತು, ಅತಿಥಿಗಳ ಜೊತೆ ಬಂದವರಿಗಾಯಿತು, ನೀರಿನ ಕ್ಯಾನ್ ಕೊಟ್ಟವರಿಗೆ, ನಿರೂಪಕರಿಗೆ, ನಿರೂಪಕರ ಗುರುಗಳಿಗೆ. ಒಬ್ಬೊಬ್ಬರಿಗೂ ಪೇಟ, ಶಾಲು, ಹಾರ, ಫೋಟೋ. ಡ್ರಮ್ಮಿನವನ ತಂದೆಗೆ ನಿದ್ದೆ ಹತ್ತಿ ತಲೆ ಮೆಲ್ಲಗೆ ಎದೆಗೆ ಬಾಗಿತು.

ಕೊನೆಗೆ ನಮ್ಮನ್ನು ಕರೆದರು. ಹೋದೆವು. ನಮಗೂ ಪೇಟ ಸುತ್ತಿ, ಶಾಲು ಹೊದಿಸಿ, ಹಾರ ಹಾಕಿದರು. ನಾನು ಸಂಘದ ಅಧ್ಯಕ್ಷರಿಗೆ ಮೆಲ್ಲಗೆ ಕೇಳಿದೆ, "ಅಣ್ಣಾರ, ಹಾಡು?"

"ಎಂಥಾ ಹಾಡ್ರಿ? ಸತ್ಕಾರ ಆಯ್ತಲ್ಲ! ಮದುವಿಯವರು ಬಂದಾರ, ಹಾಲ್ ಖಾಲಿ ಮಾಡಬೇಕು."

ಅಷ್ಟರಲ್ಲಿ ನಿರೂಪಕರು ಮೊದಲೇ ಬರೆದಿಟ್ಟುಕೊಂಡ ವಂದನಾರ್ಪಣೆ ಓದಿದರು: ತಮ್ಮ ಅಮೋಘ ಸಂಗೀತದಿಂದ ನಮ್ಮೆಲ್ಲರ ಮನ ತಣಿಸಿದ ಕಲಾವಿದರಿಗೆ ಧನ್ಯವಾದಗಳು. ಜನ ಚಪ್ಪಾಳೆ ತಟ್ಟಿದರು. ಡ್ರಮ್ಮಿನವನು ತನ್ನ ಹಾರ ತೆಗೆದು ಡ್ರಮ್ಮಿಗೆ ಹಾಕಿದ. ಅವನು ನಮ್ಮ ಕೈ ತಪ್ಪಿದ್ದು ನನಗೆ ಅಲ್ಲೇ ಗೊತ್ತಾಯಿತು.

ಚಪ್ಪಾಳೆಗೆ ಎಚ್ಚರಾದ ಅವನ ತಂದೆ ತಾವೂ ಜೋರಾಗಿ ಚಪ್ಪಾಳೆ ತಟ್ಟುತ್ತ ವೇದಿಕೆ ಹತ್ತಿ ಬಂದರು. ಮಗನನ್ನು ಗಟ್ಟಿಯಾಗಿ ತಬ್ಬಿಕೊಂಡು, ಹೆಮ್ಮೆಯಿಂದ ನನ್ನ ಕಡೆ ತಿರುಗಿದರು.

"ಇವತ್ತ ಚಲೋ ಬಾರಿಸಿದ್ರಿ ನೋಡಪಾ. ಕಿವಿಗಿ ಒಂಚೂರೂ ತ್ರಾಸ ಆಗ್ಲಿಲ್ಲ. ಮೊದಲಿಂದ ಹಿಂಗೇ ಬಾರಿಸ್ಲಕ ಏನಾಗಿತ್ತು ನಿಮಗ?"