ದೊಡ್ಡಪ್ಪನ ಡಬ್ಬಕ್ಕೆ ಜ್ವರ

ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಲೆ ಹಚ್ಚುವುದಕ್ಕೂ ಅಪ್ಪಣೆ ಬೇಕಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಎಂಬತ್ತರ ದಶಕದಲ್ಲಿ ಶಿರಾದ ಆ ಮನೆಯಲ್ಲಿ ಊಟಕ್ಕೆ ಕಾದವರಿಗೆ ಗೊತ್ತು.

ಟೈಫಾಯಿಡ್ ಬಂದು ದೊಡ್ಡಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು. ಹಿತ್ತಿಲ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ದೊಡ್ಡಪ್ಪನಿಗೆ, ಇನ್ನು ಕೂಗಿದರೆ ಆಕೆ ಓಗೊಡುವುದಿಲ್ಲವಲ್ಲ ಎಂಬುದೇ ಕೊರಗು. ಎದ್ದು ನಾಲ್ಕು ಹೆಜ್ಜೆ ಹೋಗಿ ಹೇಳಬಹುದಿತ್ತಲ್ಲ? ಅದು ನಮ್ಮಂಥವರ ಬುದ್ಧಿ! ಅವರು ಬೆಂಗಳೂರಿನಿಂದ ಮೈಕ್ರೊಕಂಟ್ರೋಲರ್ ಎಂಬ ನಲವತ್ತು ಕಾಲಿನ ಚಿಪ್‌ಗಳನ್ನು ತಂದು ಎರಡು ಡಬ್ಬ ಕಟ್ಟಿದರು. ಕೋಣೆಯಲ್ಲಿ ಅಕ್ಷರ ಒತ್ತಿದರೆ ತಂತಿಯಲ್ಲಿ ಹೋಗಿ ಅಡುಗೆಮನೆಯ ಡಬ್ಬದ ಮೇಲೆ ಕೆಂಪಗೆ, ಇಂಗ್ಲಿಷಿನಲ್ಲಿ ಮೂಡಬೇಕು.

ಮೂಡಿತು. ಆದರೆ ಇಂಗ್ಲಿಷರೂ ಓದಲಾರದಂತೆ ಮೂಡಿತು!

ತಂತಿಯಲ್ಲಿ ಅಕ್ಷರ ಹೋಗುತ್ತದೆ, ತಾಳ ಹೋಗುವುದಿಲ್ಲ. ತಾಳವನ್ನು ಎರಡು ಡಬ್ಬಗಳೂ ತಮ್ಮ ತಮ್ಮ ಒಳಗಿನ ಗಡಿಯಾರದಿಂದ ಎಣಿಸಬೇಕು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿದ ಹಾಗೆ. ಒಬ್ಬಳು ಆತುರಪಟ್ಟರೆ ಒನಕೆಗೆ ಒನಕೆ ಬಡಿಯುತ್ತದೆ. ಕ್ವಾರ್ಟ್ಜ್ ಹರಳು ಹಾಕಿದ ಗಡಿಯಾರವಾದರೆ ತಾಳ ತಪ್ಪುವುದಿಲ್ಲ. ದೊಡ್ಡಪ್ಪ ಹಠಕ್ಕೆ ಬಿದ್ದು ಹಳೆಯ ರೇಡಿಯೋ ಸಾಮಾನಿನಲ್ಲೇ ಗಡಿಯಾರ ಕಟ್ಟಿದ್ದರು. ಒಲೆಯ ಪಕ್ಕದ ಡಬ್ಬ ಬಿಸಿಯಾದೊಡನೆ ಎಣಿಕೆ ತಪ್ಪುತ್ತಿತ್ತು. ಒಲೆ ಆರಿದರೆ ಶಿರಾದ ಬಿಸಿಲು ಇದ್ದೇ ಇದೆಯಲ್ಲ!

ಒಲೆ ಆರಿಸು ಎಂದು ದೊಡ್ಡಪ್ಪ ಓಡಿಬಂದು ಕೈಸನ್ನೆ ಮಾಡುತ್ತಿದ್ದರು.

"ಆರ್ಸಿದ್ರೆ ಮುದ್ದೆಗೆ ಎಸ್ರು ಎಲ್ಲಿ ಮಡಗ್ಲಿ, ನಿಮ್ ತಲೆ ಮ್ಯಾಲಾ?" ಎನ್ನುತ್ತಿದ್ದರು ದೊಡ್ಡಮ್ಮ.

ಆಮೇಲೆ ಡಬ್ಬಕ್ಕೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಲ್ಲಿ ಗಾಳಿ ಹಾಕುವುದು ಶುರುವಾಯಿತು. ಪಕ್ಕದ ಮನೆಯಾಕೆ ಇಣುಕಿದರು.

"ಏನಣ್ಣ, ಡಬ್ಬಕ್ಕೆ ಜ್ವರ ಬಂದೈತಾ?"

"ಊ ಕಣಮ್ಮ, ಕಾವು ಏರಿದ್ರೆ ಎಣಿಕೆ ತಪ್ತೈತೆ."

ಮರುದಿನ ಆಕೆ ದರ್ಗಾದಿಂದ ತಾಯಿತ ತಂದು ಡಬ್ಬಕ್ಕೆ ಕಟ್ಟಿದರು. ಅವತ್ತು ಒಂದು ಅಕ್ಷರ ಸರಿಯಾಗಿ ಬಂತೆಂದು ಆಕೆಯ ವಾದ!

ದೊಡ್ಡಮ್ಮ ಮಾತ್ರ, ಡಬ್ಬ ಕೆಂಪಗಾದರೆ ಕಾಫಿ ಕೇಳಿದ್ದಾರೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಪ್ರತಿ ಪ್ರಯೋಗಕ್ಕೂ ಒಂದು ಲೋಟ. ದೊಡ್ಡಪ್ಪ ಒಂದನ್ನೂ ಬೇಡವೆನ್ನದೆ ಕುಡಿದರು, ರಾತ್ರಿಯೆಲ್ಲ ಹೊರಳಾಡಿದರು.

ಕೊನೆಗೆ ಹಠ ಬಿಟ್ಟು, ಹರಳು ತರಿಸಿ ಎರಡಕ್ಕೂ ಹಾಕಿದರು. ಅಂದು ನಾನು ಅಡುಗೆಮನೆಯಲ್ಲಿದ್ದೆ. ಒಲೆ ಧಗಧಗ ಉರಿಯುತ್ತಿತ್ತು. ಅಕ್ಷರಗಳು ಒಂದೊಂದಾಗಿ ಸರಿಯಾಗಿ ಮೂಡಿದವು. ದೊಡ್ಡಮ್ಮನ ಹೆಸರು. ಮೊದಲ ದಿನದಿಂದಲೂ ದೊಡ್ಡಪ್ಪ ಒತ್ತುತ್ತಿದ್ದುದು ಅದನ್ನೇ!

ದೊಡ್ಡಮ್ಮ ಮಿಡ್ಲ್ ಸ್ಕೂಲಿನ ಇಂಗ್ಲಿಷಿನಲ್ಲಿ ಕೂಡಿಸಿಕೊಂಡು ಓದಿದರು. ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಿಲ ಕೋಣೆಯ ಬಾಗಿಲಿಗೆ ಹೋಗಿ ನಿಂತರು.

"ಕೂಗಿದ್ರಾ?"