ಔಟ್ ಆದ ಗಾಲಿ ಮತ್ತು ಅವ್ವನ ಊದಿನಕಡ್ಡಿ

ಯಾವ ದೇಶದಲ್ಲಿ ಬೈಕು ಬಿಚ್ಚಿ ಕೂತರೂ ನನ್ನ ಸುತ್ತ ಜನ ಸೇರುತ್ತಾರೆ. ಲಾವೋಸಿನಲ್ಲಿ ಚಹಾ ತಂದರು, ಸ್ಪಿತಿಯಲ್ಲಿ ಕಂಬಳಿ ತಂದರು. ನಮ್ಮ ವಿಜಯಪುರದ ಅಂಗಳದಲ್ಲಿ ಕುಂಕುಮ ತಂದರು.

೧. ತೊರವಿಯ ತಗ್ಗು

ತೊರವಿ ಹತ್ತಿರ ತಗ್ಗಿಗೆ ಇಳಿದೆದ್ದ ಮೇಲೆ ಮುಂದಿನ ಗಾಲಿ ಕುಣಿಯತೊಡಗಿತು. ಸೊಲ್ಲಾಪುರ ರಸ್ತೆಯ ಮೇಸ್ತ್ರಿ ಬಗ್ಗಿ ನೋಡಿ, "ಗಾಲಿ ಔಟ್ ಆಗೇತ್ರಿ ಮೇಡಂ, ಒಂದ ಕಡೆ ವಾಲೈತಿ. ಸೋಮವಾರ ಬರ್ರಿ" ಅಂದ. ಮರುದಿನವೇ ಬಬಲೇಶ್ವರದಲ್ಲಿ ಚಿಗವ್ವನ ಮಗಳ ಕುಬಸ, ಅಂದರೆ ಸೀಮಂತ. ಇಷ್ಟು ವರ್ಷ ನನ್ನ ಬೈಕನ್ನು ಮುಟ್ಟದ ಅವ್ವ, ಈ ಸಲ ಹಿಂದೆ ಕೂತು ಬರುತ್ತೇನೆಂದು ಮಾತು ಕೊಟ್ಟಿದ್ದಳು. ಜಗತ್ತು ಸುತ್ತಿದವಳು ನಾನು, ಅವ್ವನನ್ನು ಕೂರಿಸಿಕೊಂಡು ಓಣಿ ದಾಟಿರಲಿಲ್ಲ.

"ಗಾಲಿ ಕುಣಿದ್ರ ನಾ ಬಸ್ಸಿಗೆ ಹೋಗ್ತೇನಿ," ಅಂದಳು. "ನಾ ಉಡಿ ತುಂಬಾಕ ಹೋಗೂದೈತಿ, ಪಟ್ಟಿ ಕಟ್ಟಿಸಿಕೊಳ್ಳಾಕಲ್ಲ."

೨. ಅಳತೆಗೋಲು

ಸೋಮವಾರದವರೆಗೆ ಕಾಯುವಂತಿರಲಿಲ್ಲ, ಅಂಗಳದಲ್ಲಿ ನಾನೇ ಕೂತೆ. ಇಂಜಿನ್ ಕೆಳಗೆ ಕಲ್ಲು ಕೊಟ್ಟು ಗಾಲಿಯನ್ನು ನೆಲ ಬಿಡಿಸಿದೆ. ಗಾಲಿಯ ಸ್ಪೋಕ್ ತಂತಿ ಬಿಗಿಯುವ ಪಾನಾ ಅಂದರೆ ಅವ್ವನ ಹೊಲಿಗೆ ಮಷೀನಿನದು. ಗಾಲಿಯ ಅಂಚಿನ ಪಕ್ಕದಲ್ಲೇ, ಕೂದಲೆಳೆಯಷ್ಟು ಜಾಗ ಬಿಟ್ಟು ಒಂದು ಊದಿನಕಡ್ಡಿ ಕಟ್ಟಿದೆ. ತಿರುಗಿಸಿದಾಗ ವಾಲಿದ ಜಾಗ ಮಾತ್ರ ಕಡ್ಡಿಗೆ ಸವರುತ್ತದೆ.

ಎದುರುಮನೆ ಕಾಕು ಗೇಟಿನಿಂದ ನೋಡಿದರು. ಪೂಜೆ ಅಂದುಕೊಂಡು ಹೋಗಿ ಕುಂಕುಮ, ಕಾಯಿ ತಂದರು. ನಾನು ಬಾಯಿ ಬಿಡುವಷ್ಟರಲ್ಲಿ ಹೆಡ್‌ಲೈಟಿಗೆ ಬೊಟ್ಟು ಬಿತ್ತು.

"ಊದಿನಕಡ್ಡಿ ಹಚ್ಚೇ ಇಲ್ಲಲ್ಲ ಯವ್ವಾ," ಅಂತ ಕಡ್ಡಿಪೆಟ್ಟಿಗೆ ಗೀರಿದರು.

"ಕಾಕು, ಅದು ಅಳತಿಗ್ರಿ."

"ದೇವರ ಮುಂದ ಎಂಥಾ ಅಳತಿ?"

ನನ್ನ ಅಳತೆಗೋಲು ಘಮಘಮ ಅನ್ನುತ್ತ ಬೂದಿಯಾಯಿತು.

೩. ಬಿಗಿ, ಸಡಿಲ

ಹೊಸ ಕಡ್ಡಿ ಕಟ್ಟಿದೆ. ಗಾಲಿ ಎಡಕ್ಕೆ ವಾಲಿದರೆ ಬಲದ ತಂತಿ ಬಿಗಿ ಮಾಡಬೇಕು, ಎಡದ್ದು ಸಡಿಲ ಬಿಡಬೇಕು ಎಂದು ಕಾಕುಗೆ ವಿವರಿಸಿದೆ. ಅವರು ಕುಂಕುಮದ ಬಟ್ಟಲು ಕೆಳಗಿಟ್ಟರು.

"ನಮ್ಮ ಮನ್ಯಾಗ ಸೊಸಿ ಒಬ್ಬಾಕೀನೇ ಬಿಗಿ ಮಾಡ್ಯಾಳ. ಅದಕ್ಕ ಮಗ ಆಕಿ ಕಡೆ ವಾಲ್ಯಾನ."

ಒಳಗಿನಿಂದ ಅವ್ವ, "ನೀವೂ ಈ ಕಡಿಂದ ಜಗ್ಗಬ್ಯಾಡ್ರಿ ವೈನಿ, ತಂತಿ ಹರದೀತು."

೪. ನಿಂತು ತಿರುಗಿದ್ದು

ಇಳಿಹೊತ್ತಿಗೆ ಕಡ್ಡಿ ಎಲ್ಲಿಯೂ ಸವರಲಿಲ್ಲ. ಜೋರಾಗಿ ತಿರುಗಿಸಿದೆ. ತಂತಿಗಳೆಲ್ಲ ಕರಗಿ ತೆಳು ಹೊಗೆಯಾದವು, ಅಂಚು ಮಾತ್ರ ಗೆರೆ ಎಳೆದಂತೆ ನಿಂತಿತು. ಹಿಮದ ಬೆಟ್ಟಗಳನ್ನೂ ನಾನು ಅಷ್ಟು ಹೊತ್ತು ನೋಡುತ್ತ ನಿಂತಿಲ್ಲ. ಕಾಕು ಕೈ ಮುಗಿದರು, ಈ ಸಲ ನಾನು ತಡೆಯಲಿಲ್ಲ.

ಅವ್ವ ಹೊರಬಂದು ಕೇಳಿದಳು: "ಇದು ತಿರಗಾಕತ್ತೈತೋ, ನಿಂತೈತೋ?"

"ತಿರಗಾಕತ್ತೈತಿ."

"ತಿರಗಿದ್ರೂ ಒಂದ ಕಡೆ ಐತಿ," ಅಂದಳು. "ನಿನಗೂ ಯಾರರ ಹಿಂಗ ಪಾನಾ ಹಾಕಬೇಕಿತ್ತು."

೫. ಬಬಲೇಶ್ವರ

ಮರುದಿನ ಅವ್ವ ಹಿಂದೆ ಕೂತಳು. ಒಂದು ಕೈಯಿಂದ ನನ್ನ ಸೊಂಟ ಬಿಗಿಯಾಗಿ ಹಿಡಿದಳು. ಹೆದರಿದ್ದಾಳೆ ಅಂದುಕೊಂಡೆ. ತಗ್ಗು ತಪ್ಪಿಸಿದಾಗಲೆಲ್ಲ ನನ್ನ ಎಡಭುಜಕ್ಕೆ ಏನೋ ಚುಚ್ಚುತ್ತಿತ್ತು.

ಚಿಗವ್ವನ ಮನೆಯ ಮುಂದೆ ಇಳಿದಾಗ ನೋಡುತ್ತೇನೆ, ಅವ್ವನ ಕೈಯಲ್ಲಿ ಊದಿನಕಡ್ಡಿ.

"ಇದೇನವ್ವ?"

"ಗಾಲಿಗೆ ಹಿಡದಂಗ ನಿನಗ ಹಿಡದಿದ್ದೆ." ಆಮೇಲೆ ಬಾಗಿಲಲ್ಲಿ ಸೇರಿದ್ದ ಬೀಗರ ಕಡೆ ತಿರುಗಿ, "ಗಾಲಿ ನೆಟ್ಟಗೈತಿ. ಔಟ್ ಆಗಿರೂದು ಇಕಿ" ಅಂದಳು.

ಎಲ್ಲರೂ ನಕ್ಕರು. ನನ್ನ ಮೋರೆ ಇಳಿಯಿತು. "ಹಂಗಾರ ಹೊಳ್ಳಿ ಹೋಗೂ ಮುಂದ ಬಸ್ಸಿಗೆ ಹೋಗ್ತಿ?"

ಅವ್ವ ಕಡ್ಡಿಯನ್ನು ಜೋಪಾನವಾಗಿ ತುರುಬಿಗೆ ಸಿಕ್ಕಿಸಿಕೊಂಡಳು.

"ಬ್ಯಾಡ. ತಿಕೋಟಾ ಸುತ್ತಿ ಹೋಗೂಣು. ಇಷ್ಟ ದಾರ್ಯಾಗ ನಿನ್ನ ಅಳತಿ ಬರೋಬ್ಬರಿ ಸಿಗಾಂಗಿಲ್ಲ."